ಆಳು ಹೆಚ್ಚಿದರೆ ಕೆಲಸ ಬೇಗ ಮುಗಿಯುವುದೇ?



ನಾಟಿಗೆ ಆಳು ಹೆಚ್ಚು ಬಂದರೆ ಗದ್ದೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಸಾಫ್ಟ್‌ವೇರ್ ಹಾಗಲ್ಲ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆಂದು ಐಬಿಎಂನಲ್ಲಿ ಓಎಸ್/360 ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸಲು ಹಳಬರೇ ಕೈಯಲ್ಲಿರುವ ಕೆಲಸ ಬಿಡಬೇಕು. ಐದು ಜನರಿದ್ದರೆ ಪರಸ್ಪರ ಮಾತಾಡಬೇಕಾದ ಜೋಡಿಗಳು 10. ಹತ್ತು ಜನರಾದರೆ 45. ಲೆಕ್ಕದ ಮೇಷ್ಟ್ರು ಇಲ್ಲೇ ಇದ್ದಾರೆ, ತಾಳೆ ನೋಡಲಿ!

ಆದರೂ ಗಡುವು ಹತ್ತಿರ ಬಂದಾಗ ಮೇಲಿನವರು ಕೇಳುವುದು, “ಇನ್ನೆಷ್ಟು ಜನ ಬೇಕು?” ಜನ ಬೇಡ, ಕೆಲಸ ಕಡಿಮೆ ಮಾಡಿ, ಇಲ್ಲವೇ ದಿನ ಕೊಡಿ ಎನ್ನಬೇಕು. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಹುಡುಗರು ಎಷ್ಟೋ ಸಲ ಇಂಗ್ಲಿಷಿಗೆ ಅಂಜಿ ಮೀಟಿಂಗಿನಲ್ಲಿ ಸುಮ್ಮನಿರುತ್ತಾರೆ. ತೊಡಕು ಎಲ್ಲಿದೆಯೆಂದು ಅವರಿಗೇ ಗೊತ್ತಿರುತ್ತದೆ. ಹರಕು ಇಂಗ್ಲಿಷಾದರೂ ಸರಿ, ಸೋಮವಾರವೇ ಹೇಳಿಬಿಡಿ. ಶುಕ್ರವಾರ ಹೇಳಿದರೆ ದಿನ ಮುಂದೂಡಲೂ ಆಗುವುದಿಲ್ಲ.