ರಸ್ತೆಯ ಲೆಕ್ಕ ಇಡುವವರು



ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಸೀಮೆಯ ನಮ್ಮ ಹಳ್ಳಿಗಳಲ್ಲಿ ರಸ್ತೆ ಎಂದೊಡನೆ ನೆನಪಾಗುವವರು ಇಬ್ಬರು: ಡಾಂಬರು ಹಾಕಿಸುವ ಗುತ್ತಿಗೆದಾರರು, ಕೈ ಅಡ್ಡ ಮಾಡಿ ಗಾಡಿ ನಿಲ್ಲಿಸುವ ಪೊಲೀಸರು. ಮೂರನೆಯವರೂ ಒಬ್ಬರಿದ್ದಾರೆ. ಅವರೇ ಸಂಚಾರ ಎಂಜಿನಿಯರರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಅವರ ಕೆಲಸ ಹೊಸದೆನಿಸುವುದಿಲ್ಲ. ಅದರ ಮೊದಲ ಪಾಠವೇ ಎಣಿಕೆ.

ಹಳ್ಳಿಗಾಡಿನ ಹೆದ್ದಾರಿಯಲ್ಲಿ ವರ್ಷಕ್ಕೆ ಎರಡು ಸಲ, ಏಳೇಳು ದಿನ, ಹಗಲು ರಾತ್ರಿ ವಾಹನ ಎಣಿಸಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ಸೂಚಿಸಿದೆ. ಒಮ್ಮೆ ಸುಗ್ಗಿಯಲ್ಲಿ, ಇನ್ನೊಮ್ಮೆ ಸುಗ್ಗಿ ಇಲ್ಲದಾಗ. ಏಳು ದಿನವಾದ್ದರಿಂದ ವಾರದ ಸಂತೆಯೂ ಲೆಕ್ಕದೊಳಗೆ ಬರುತ್ತದೆ. ಬೇರೆ ಬೇರೆ ದೇಶದ ಹಣವನ್ನು ರೂಪಾಯಿಗೆ ಇಳಿಸಿದಂತೆ, ಇಲ್ಲಿ ಎಲ್ಲವನ್ನೂ ಕಾರಿಗೆ ಇಳಿಸುತ್ತಾರೆ. 1990ರ ಮಾರ್ಗಸೂಚಿಯಲ್ಲಿ ಕಾರಿಗೆ 1, ಸೈಕಲ್ಲಿಗೆ ಅರ್ಧ, ಬಸ್ಸು ಲಾರಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5, ದೊಡ್ಡ ಎತ್ತಿನಗಾಡಿಗೆ 8. ಗಾಡಿಯ ಭಾರಕ್ಕಲ್ಲ, ಅದು ನಿಧಾನವಾಗಿ ಸಾಗಿ ಹಿಂದಿನವರನ್ನು ತಡೆಯುತ್ತದೆಂದು ಈ ಅಂಕಿ. ಕಬ್ಬಿನ ಹತ್ತು ಗಾಡಿ ಸಾಲಾಗಿ ಹೊರಟರೆ ಎಂಬತ್ತು ಕಾರು ಹೊರಟಂತೆ!

ಈ ವೃತ್ತಿ ಬಹಳ ಹಳೆಯದಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರವು 1924ರಲ್ಲಿ ಬರ್ಟನ್ ಮಾರ್ಷ್ ಎಂಬವರನ್ನು ಪೂರ್ಣಾವಧಿ ಸಂಚಾರ ಎಂಜಿನಿಯರರಾಗಿ ನೇಮಿಸಿತು. 1930ರಲ್ಲಿ ಅಲ್ಲಿ ಇವರದೇ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ರಸ್ತೆ ಕಾಂಗ್ರೆಸ್ಸು, 1952ರಲ್ಲಿ ದಿಲ್ಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಬಂದವು. ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಓದಿದ ನಮ್ಮ ಮಕ್ಕಳು ಎಣಿಕೆ, ಅಳತೆಯಿಂದ ಆರಂಭಿಸಿ, ಸಾರಿಗೆ ವಿಷಯದಲ್ಲಿ ಎಂ.ಟೆಕ್. ಮಾಡಿ, ಅನುಭವ ಬಂದ ಮೇಲೆ ರಸ್ತೆ ಸುರಕ್ಷತೆಯ ಆಡಿಟ್ ಮಾಡುವವರೆಗೆ ಬೆಳೆಯಬಹುದು. ಬ್ಯಾಂಕಿನ ಆಡಿಟಿನಂತೆ ಇದನ್ನೂ ರಸ್ತೆಯ ನಕ್ಷೆ ಮಾಡಿದವರಲ್ಲ, ಬೇರೆಯವರು ಮಾಡಬೇಕು.

ಈಗ ನಮ್ಮ ಊರಿನ ತಿರುವಿಗೆ ಬರೋಣ. ಚಾಲಕನ ಕಣ್ಣಿಗೆ ಕಂಡದ್ದು ಕಾಲಿನ ಬ್ರೇಕಿಗೆ ಮುಟ್ಟಲು ಎರಡೂವರೆ ಸೆಕೆಂಡು ಹಿಡಿಯುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲೇ ಸುಮಾರು 42 ಮೀಟರ್ ಓಡಿರುತ್ತದೆ. ಪೂರ್ತಿ ನಿಲ್ಲಲು 80 ಮೀಟರ್ ಬೇಕು. ಕಾರಿನ ಚಾಲಕನ ಕಣ್ಣಿನ ಎತ್ತರ 1.2 ಮೀಟರ್ ಮಾತ್ರ. ತಿರುವಿನ ಒಳಮಗ್ಗುಲಲ್ಲಿ ಆಳೆತ್ತರದ ಕಬ್ಬೋ ಬಳ್ಳಾರಿ ಜಾಲಿಯೋ ನಿಂತಿದ್ದರೆ, ಅದರಾಚೆ ರಸ್ತೆ ದಾಟುವ ಶಾಲೆಯ ಮಗು ಅವನಿಗೆ ಕಾಣುವುದಾದರೂ ಹೇಗೆ?

ಅಪಘಾತವಾದ ಮರುದಿನ ನಾವು ಕೇಳುವುದು ಒಂದೇ, ಹಂಪ್. ಅದಕ್ಕೂ ಮೊದಲು ಕೇಳಬೇಕಾದದ್ದು, ಎಷ್ಟು ದೂರ ಕಾಣುತ್ತದೆ ಎಂದು ಅಳೆಯಿರಿ ಎಂಬುದನ್ನು. ಗ್ರಾಮ ಪಂಚಾಯತಿಯ ಮೂಲಕ ಅರ್ಜಿ ಕೊಡಿ. ಮರಾಠಿಯಲ್ಲೇ ಬರೆಯಿರಿ, ಆದರೆ ಅಂಕಿ ಇರಲಿ: ಯಾವ ಜಾಗ, ಎಷ್ಟು ಮೀಟರ್ ಕಾಣುತ್ತದೆ, ಯಾವ ಹೊತ್ತಿಗೆ ಎಷ್ಟು ಮಕ್ಕಳು ದಾಟುತ್ತಾರೆ. ರಸ್ತೆಯ ವಿನ್ಯಾಸ ಸುರಕ್ಷತೆಯ ನಿಯಮಕ್ಕೆ ತಪ್ಪಿ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ.

ಹೊಲ ನಮ್ಮದೇ ಆಗಿದ್ದರೆ ಅರ್ಜಿಯೂ ಬೇಡ. ತಿರುವಿನ ಅಂಚಿನ ನಾಲ್ಕು ಸಾಲು ಕಬ್ಬಿನ ಬದಲು ಶೇಂಗಾ ಹಾಕಿದರೂ ದೃಷ್ಟಿ ಬಿಡುವಾಗುತ್ತದೆ.