ನಡುವೆ ಕೈಬಿಡುವ ಡಿಸ್ಕು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಕುಂದುರ್ಪಿಯ ಸೀಮೆಯಲ್ಲಿ ಹಳೆಯ ಕನ್ನಡ ಬರಹವೆಂದೊಡನೆ ನೆನಪಿಗೆ ಬರುವುದು ಕಲ್ಲು. ಅಮರಾಪುರದ ಬಳಿಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತಷ್ಟೆ. ಅಲ್ಲಿನ ಕನ್ನಡ ಶಾಸನಗಳನ್ನು ಓದಲು ವಿದ್ಯುಚ್ಛಕ್ತಿ ಬೇಡ. ಹಗಲ ಬೆಳಕು ಸಾಕು. ನಮ್ಮ ಕಾಲದ ಬರಹದ ಸ್ಥಿತಿ ಬೇರೆ. ಭಾಷಾವಾರು ಪ್ರಾಂತಗಳು ರಚಿತವಾಗಿ ಈ ಕನ್ನಡ ಗ್ರಾಮಗಳು ಆಂಧ್ರದಲ್ಲಿಯೇ ಉಳಿದ 1956ನೆಯ ವರ್ಷದಲ್ಲಿಯೇ ಅಮೆರಿಕೆಯ ಐಬಿಎಂ ಸಂಸ್ಥೆಯು ಮೊದಲ ಡಿಸ್ಕ್ ಯಂತ್ರವನ್ನು ಹೊರತಂದಿತು. ಇಪ್ಪತ್ತನಾಲ್ಕು ಅಂಗುಲ ಅಗಲದ 50 ತಟ್ಟೆಗಳು ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ಅಂಗೈಯಗಲದ ಡಿಸ್ಕು ಅದರ ಹತ್ತು ಲಕ್ಷ ಪಟ್ಟನ್ನು ಹಿಡಿಯಬಲ್ಲದು. ಹಿಡಿದುದನ್ನು ಬಿಡದಿರುವುದೇ ಕಷ್ಟ.

ಡಾಕ್ ಎಂಬುದು ಡಿಸ್ಕನ್ನು ನೆಟ್ಟಗೆ ನಿಲ್ಲಿಸಿ ಗಣಕಯಂತ್ರಕ್ಕೆ ಜೋಡಿಸುವ ಒಂದು ಸಣ್ಣ ಪೀಠ. ಹಳೆಯ ಸಂಚಿಕೆಗಳ, ಸಮೂಹ ಚಿತ್ರಗಳ ಪ್ರತಿ ಮಾಡುತ್ತಿರುವಾಗ ಡಿಸ್ಕು ಹಠಾತ್ತಾಗಿ ಕಾಣದಾಗುತ್ತದೆ. ಕೊಂಚ ಹೊತ್ತಿಗೆ ತಾನಾಗಿಯೇ ಮರಳುತ್ತದೆ. ಇದನ್ನು ಯಂತ್ರದ ಗ್ರಹಚಾರವೆಂದು ಬಿಟ್ಟುಬಿಡುವುದು ಸರಿಯಲ್ಲ. ಬರೆಯುವ ನಡುವೆ ಸಂಪರ್ಕ ಕಡಿದರೆ ಆ ಕಡತ ಮಾತ್ರವಲ್ಲ, ಯಾವ ಕಡತ ಎಲ್ಲಿದೆಯೆಂಬ ಸೂಚಿಯೇ ಕೆಡಬಹುದು. ಆದುದರಿಂದ ಕಾರಣವನ್ನು ಹುಡುಕುವುದಕ್ಕೆ ಮೊದಲು ಅದರೊಳಗೆ ಹೊಸದೇನನ್ನೂ ಬರೆಯದೆ, ಮುಖ್ಯವಾದುದನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳತಕ್ಕದ್ದು.

ಅನಂತರ ಕೇಳಬೇಕಾದ ಪ್ರಶ್ನೆ ಒಂದೇ: ಅದು ಮರೆಯಾಗುವುದು ಕೆಲಸದ ನಡುವೆಯೋ, ಸುಮ್ಮನಿರುವಾಗಲೋ? ಸುಮ್ಮನಿರುವಾಗ, ಅದೂ ಹೆಚ್ಚುಕಡಿಮೆ ಒಂದೇ ಅವಧಿಯ ತರುವಾಯ ಮರೆಯಾಗುವುದಾದರೆ, ಅದು ಬಹುಮಟ್ಟಿಗೆ ರೋಗವಲ್ಲ, ನಿದ್ರೆ. ವಿದ್ಯುತ್ತನ್ನು ಉಳಿಸಲೆಂದು ಗಣಕಯಂತ್ರವು ಯುಎಸ್‌ಬಿ ಸಂಪರ್ಕವನ್ನು ಮಲಗಿಸುತ್ತದೆ. ಕೆಲವು ಡಾಕುಗಳು ತಾವೇ ಡಿಸ್ಕನ್ನು ನಿಲ್ಲಿಸುತ್ತವೆ. ವಿಂಡೋಸ್‌ನ ವಿದ್ಯುತ್ ಬಳಕೆಯ ಏರ್ಪಾಡಿನಲ್ಲಿ ಯುಎಸ್‌ಬಿ ಮಲಗಿಸುವುದನ್ನು ನಿಲ್ಲಿಸಿ ನೋಡಬೇಕು.

ಕೆಲಸದ ನಡುವೆ ಕೈಬಿಟ್ಟರೆ ವಿದ್ಯುತ್ತಿನ ಮೇಲೆ ಸಂಶಯಪಡಿರಿ. ಕೊಳವೆಬಾವಿಯ ಮೋಟಾರು ಹೊರಡುವ ಕ್ಷಣದಲ್ಲಿ ಮನೆಯ ದೀಪ ಮಂಕಾಗುವುದನ್ನು ನಮ್ಮ ಮಕ್ಕಳೆಲ್ಲರೂ ಕಂಡಿದ್ದಾರೆ. ಡಿಸ್ಕಿನ ಸ್ವಭಾವವೂ ಅದೇ. ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟು, 5 ವೋಲ್ಟು ಎರಡೂ ಬೇಕು. ತಿರುಗಲು ಆರಂಭಿಸುವಾಗ ಅದು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ವೇಗ ಹಿಡಿದ ಮೇಲೆ ಅದರಲ್ಲಿ ಸಣ್ಣ ಪಾಲು ಸಾಕು. ಎರಡು ಡಿಸ್ಕುಗಳನ್ನು ಹೊತ್ತ ಡಾಕಿಗೆ ಬಡಕಲು ಅಡಾಪ್ಟರು ಇದ್ದರೆ, ಒಂದು ಎಚ್ಚರಗೊಳ್ಳುವಾಗ ಇನ್ನೊಂದು ತಪ್ಪಿಹೋಗುವುದುಂಟು. ಒಂದನ್ನು ತೆಗೆದಿಟ್ಟು ಪರೀಕ್ಷಿಸಿದರೆ ನಿಜ ತಿಳಿಯುವುದು. ಬದಲಿ ಅಡಾಪ್ಟರಿನ ವೋಲ್ಟು ಮೊದಲಿನಷ್ಟೇ ಇರಬೇಕು, ತುದಿಯ ಧನ ಋಣಗಳೂ ಹೊಂದಬೇಕು. ಆಂಪಿಯರು ಹೆಚ್ಚಿದ್ದರೆ ಬಾಧಕವಿಲ್ಲ. ತುದಿ ಹೊಂದಿತೆಂದು ಲ್ಯಾಪ್‌ಟಾಪಿನ 19 ವೋಲ್ಟಿನದನ್ನು ಚುಚ್ಚಿದರೆ ಡಿಸ್ಕು ಸುಟ್ಟೀತು. ಮಕ್ಕಳೇ, ಈ ಮಾತನ್ನು ಮನೆಯಲ್ಲಿಯೂ ಹೇಳಿರಿ.

ತಂತಿಯದು ಇನ್ನೊಂದು ಕಥೆ. ಮೇಜಿನ ಗಣಕಯಂತ್ರದ ಮುಂಭಾಗದ ಕಿಂಡಿಗಳು ಒಳಗೆ ಮತ್ತೊಂದು ತಂತಿಯ ಮೂಲಕ ಹಾದುಬರುತ್ತವೆ. ಹಿಂಭಾಗದ ಕಿಂಡಿ ಮೇಲು. ತಂತಿ ಗಿಡ್ಡದಾಗಿರಲಿ, ನಡುವೆ ಹಬ್ ಬೇಡ. ಡಿಸ್ಕಿನ ಆರೋಗ್ಯವನ್ನು ತಿಳಿಸುವ ಸ್ಮಾರ್ಟ್ ಎಂಬ ದಾಖಲೆಯೂ ಉಂಟು. ಅದರಲ್ಲಿ 199ನೆಯ ಅಂಕಿ ಏರುತ್ತಿದ್ದರೆ ಡಿಸ್ಕಿಗೂ ಡಾಕಿಗೂ ನಡುವಣ ಸಂಪರ್ಕ ಸಡಿಲ. 5, 197ನೆಯ ಅಂಕಿಗಳು ಏರುತ್ತಿದ್ದರೆ ತಟ್ಟೆಯೇ ಕೆಡುತ್ತಿದೆ. ಅಂತಹ ಡಿಸ್ಕಿಗೆ ಎಷ್ಟು ಡಾಕು ಬದಲಿಸಿದರೂ ಫಲವಿಲ್ಲ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲವನ್ನು ಬರೆದಿಡಿರಿ. ಮೋಟಾರು ನಿಂತಾಗ ಬಲ್ಲ ರೈತನು ಮೊದಲು ಫ್ಯೂಸು, ಆಮೇಲೆ ಸ್ಟಾರ್ಟರು, ಆಮೇಲೆ ತಂತಿ ನೋಡುತ್ತಾನೆ. ಮೂರನ್ನೂ ಒಟ್ಟಿಗೆ ಕೊಳ್ಳುವುದಿಲ್ಲ. ಇದೇ ಡಿಸ್ಕನ್ನು ಬೇರೆ ಡಾಕಿನಲ್ಲಿ, ಬೇರೆ ಡಿಸ್ಕನ್ನು ಇದೇ ಡಾಕಿನಲ್ಲಿ ಇರಿಸಿ ನೋಡಿದರೆ ಅರ್ಧ ವ್ಯಾಜ್ಯ ಅಲ್ಲಿಯೇ ತೀರುತ್ತದೆ.

ಗಡಿನಾಡಿನ ಶಾಲೆಯೊಂದರ ಹಳೆಯ ಸಂಚಿಕೆ ಯಾವ ಅಂಗಡಿಯಲ್ಲಿ ದೊರೆತೀತು? ಚಿತ್ರ ತೆಗೆದಾಯಿತೆಂದು ಕಾಗದದ ಪ್ರತಿಯನ್ನು ರದ್ದಿಗೆ ಹಾಕಬೇಡಿರೆಂದು ಪೋಷಕರಲ್ಲಿ ನನ್ನ ವಿಜ್ಞಾಪನೆ. ಮನೆಯ ಪೆಟ್ಟಿಗೆಯಲ್ಲಿ ಅಂತಹವು ಇದ್ದರೆ ಶಾಲೆಗೆ ತನ್ನಿರಿ. ಎರಡು ಡಿಸ್ಕುಗಳಿಗೆ ಪ್ರತಿ ಇಳಿಸಿಕೊಂಡು, ಮೂಲವನ್ನು ನಿಮಗೇ ಹಿಂದಿರುಗಿಸಲಾಗುವುದು.