ಮನೆಗೆ ಹೇಳುವ ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕೊಂಡು ನೋಡು ಎಂದು ಹೇಳಲಿಲ್ಲ. ಇದ್ದ ಮನೆಯನ್ನು ಮಾರುವುದು ಮನೆತನ ಮುಳುಗಿದ ಲಕ್ಷಣವೆಂದು ಎಣಿಸುತ್ತಿದ್ದ ಕಾಲದಲ್ಲಿ ಕೊಳ್ಳುವವರಿಗೂ ಅದರ ಮಾತು ಸುಲಭವಾಗಿ ಬಾಯಿಗೆ ಬರುತ್ತಿರಲಿಲ್ಲವೇನೋ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ, ಹುಟ್ಟಿದೂರಾದ ನವಲಗುಂದದಲ್ಲಿ ನೆಲೆಸಬೇಕೆಂದು ನಾನು ಹೊರಟಾಗ ಈ ವಿದ್ಯೆಯ ಓನಾಮವೂ ನನಗೆ ತಿಳಿದಿರಲಿಲ್ಲ.

ಹುಡುಗನಾಗಿದ್ದಾಗ ತಂದೆಯವರೊಡನೆ ದನದ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ದಲಾಲನು ವಲ್ಲಿಯ ಮರೆಯಲ್ಲಿ ಕೈ ಹಿಡಿದು ಬೆರಳುಗಳಿಂದಲೇ ಬೆಲೆ ಹೇಳುತ್ತಿದ್ದ, ಕೇಳುತ್ತಿದ್ದ. ಆ ಮರೆಯಲ್ಲಿ ಒಂದು ಮರ್ಯಾದೆಯಿತ್ತು. ಕಡಮೆ ಕೇಳಿದವನ ಹೆಸರೂ ಕೆಡುತ್ತಿರಲಿಲ್ಲ, ಕಡಮೆಗೆ ಕೊಟ್ಟವನ ಬಡತನವೂ ಬಯಲಿಗೆ ಬರುತ್ತಿರಲಿಲ್ಲ. ಆದರೆ ಎತ್ತಿಗೆ ಹಲ್ಲುಂಟು, ಬಾಯಿ ಬಿಡಿಸಿ ವಯಸ್ಸು ನೋಡಬಹುದು. ಮನೆಯ ವಯಸ್ಸನ್ನು ನೋಡುವುದೆಲ್ಲಿ?

ನಮ್ಮ ಕಡೆ ಅದನ್ನು ಗೋಡೆಯಲ್ಲಿ ನೋಡಬೇಕು. ನವಲಗುಂದದ ನೆಲ ಎರೆ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಯದಿದ್ದರೆ ಮೇಲಿನ ಗೋಡೆಯೂ ಬಾಯಿ ಬಿಡುತ್ತದೆ. ಗಿಲಾವಿನ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಾದುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ, ಬೆರಳು ಹೋಗುವಷ್ಟು ಅಗಲವಾಗುವ ಬಿರುಕಿದ್ದರೆ ಮಾತ್ರ ಎಚ್ಚರದಿಂದಿರಬೇಕು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ತಾಲೂಕಿನ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಳಿತದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನೋಡಿದ ಮನೆ ಹಳೆಯ ಮಾಳಿಗೆಮನೆ: ಎರಡು ಅಡಿ ದಪ್ಪದ ಗೋಡೆ, ತೇಗದ ಕಂಬ, ಜಂತಿಗಳ ಮೇಲೆ ಹಾಸಿದ ಸವುಳು ಮಣ್ಣು, ಪಡಸಾಲೆಯ ಕೆಳಗೆ ಎಂದೋ ಮುಚ್ಚಿಹೋದ ಹಗೇವು. ಪಡುವಣ ಗೋಡೆಯಲ್ಲಿ ಅಂಥದೊಂದು ಓರೆ ಬಿರುಕಿತ್ತು. ಮಾಳಿಗೆ ಎರಡು ಕಡೆ ಸೋರುತ್ತಿತ್ತು.

ಮನೆಯೊಡತಿ ವಿಧವೆ. ಅವರು ಹೇಳಿದ ಬೆಲೆ 18 ಲಕ್ಷ ರೂಪಾಯಿ.

ನಾನು ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಅದೇ ಓಣಿಯಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆ ವಿಚಾರಿಸಿದರೆ ಕಾಗದದ ಮೇಲೆ ಒಂದು, ಜನರ ಬಾಯಲ್ಲಿ ಇನ್ನೊಂದು. ಸರಕಾರದ ಮಾರ್ಗಸೂಚಿ ಬೆಲೆಯೆಂಬುದು ಶುಲ್ಕ ವಸೂಲಿಯ ಅನುಕೂಲಕ್ಕಾಗಿ ಇರುವಂಥದು. ಅದಕ್ಕೆ ಗೋಡೆಯ ಬಿರುಕೂ ಕಾಣದು, ತೇಗದ ಕಂಬವೂ ಕಾಣದು. ನೋಂದಣಿಯ ಖರ್ಚನ್ನು ಮರೆಯುವವರು ಬಹಳ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕ ನಾನು ಕೊಂಡಾಗ ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಪಿತ್ರಾರ್ಜಿತ ಮನೆಯಾದರೆ 2005ರ ಕಾಯಿದೆಯ ತಿದ್ದುಪಡಿಯ ಬಳಿಕ ಹೆಣ್ಣುಮಕ್ಕಳ ಸಹಿಯೂ ಬೇಕು. ಇಲ್ಲವಾದರೆ ಎಷ್ಟು ಅಗ್ಗಕ್ಕೆ ಕೊಂಡರೂ ತುಟ್ಟಿಯೇ. ಮಾಳಿಗೆಗೆ 2 ಲಕ್ಷ, ಗೋಡೆಗೆ 1 ಲಕ್ಷ ಕಳೆದು ಹಾಳೆಯ ಕೊನೆಗೆ 15 ಎಂದು ಬರೆದೆ.

ದಲಾಲನು ಹಾಳೆಯನ್ನು ನೋಡಿ ನಕ್ಕ. "ಹನ್ನೆರಡು ಅನ್ರಿ ಸರ. ಮಗನ ಆಪರೇಶನ್ ಐತಿ ಹುಬ್ಬಳ್ಳ್ಯಾಗ. ಆಕೀಗೆ ಅವಸರ ಐತಿ" ಎಂದ. ಕೇಳುಗರೆ, ಆ ಸುದ್ದಿಯನ್ನು ನಾನು ಕೇಳಿ ಪಡೆಯಲಿಲ್ಲ. ಆದರೆ ಕೇಳಿದ ಮೇಲೆ ಅದು ಕಿವಿಯಲ್ಲಿ ಸುಮ್ಮನೆ ಕೂರಲೂ ಇಲ್ಲ. 12 ಎನ್ನಲು ನಾಚಿಕೆಯಾಯಿತು. 15 ಎನ್ನಲು ಮನಸ್ಸು ಬರಲಿಲ್ಲ. ಚೌಕಾಶಿಗೆ ಎಡೆ ಇರಲೆಂದು 13 ಎಂದೆ.

"ಆತು ಬಿಡ್ರಿ" ಎಂದರು ಆ ತಾಯಿ.

ಎರಡನೆಯ ಮಾತೇ ಇರಲಿಲ್ಲ. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಹದಿಮೂರೂವರೆ, ಹದಿನಾಲ್ಕು, ಹದಿನಾಲ್ಕೂಕಾಲು ಎಲ್ಲ ಗಂಟಲಲ್ಲೇ ಉಳಿದವು. ದಾರಿಯಲ್ಲಿ ದಲಾಲನು ನನ್ನ ಜಾಣತನವನ್ನು ಹೊಗಳುತ್ತ ಬಂದ. ನನಗೆ ಊಟ ರುಚಿಸಲಿಲ್ಲ.

ಆ ರಾತ್ರಿ, ವಕೀಲರಾದ ಮಿತ್ರರೊಬ್ಬರು ಹಿಂದೊಮ್ಮೆ ತೋರಿಸಿದ್ದ 1872ರ ಕರಾರು ಕಾಯಿದೆಯ ಒಂದು ದೃಷ್ಟಾಂತ ನೆನಪಾಯಿತು. ಸಾವಿರ ರೂಪಾಯಿಯ ಕುದುರೆಯನ್ನು ಒಬ್ಬನು ಹತ್ತು ರೂಪಾಯಿಗೆ ಮಾರಲು ಒಪ್ಪುತ್ತಾನೆ. ಅವನ ಒಪ್ಪಿಗೆ ಮುಕ್ತವಾಗಿದ್ದರೆ ಕರಾರು ಸಿಂಧು. ಮುಕ್ತವಾಗಿರಲಿಲ್ಲವೆಂದು ಅವನು ಹೇಳಿದರೆ, ಬೆಲೆಯ ಆ ಕೊರತೆಯನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ವ್ಯವಹಾರವನ್ನು ಯಾವ ನ್ಯಾಯಾಲಯವೂ ಕೇಳುತ್ತಿರಲಿಲ್ಲ; 18ಕ್ಕೂ 13ಕ್ಕೂ ಇರುವ ಅಂತರ ಕುದುರೆಯದಷ್ಟಿಲ್ಲ. ಆದರೂ ಆ ಕುದುರೆ ಬೆಳಗಿನವರೆಗೆ ಹಾಸಿಗೆಯ ಸುತ್ತ ತಿರುಗಿತು. ಬೆಳಗ್ಗೆ ನನ್ನ ಹೆಂಡತಿ ಹಾಳೆಯನ್ನು ಮುಂದಿಟ್ಟು, "ಇದನ್ನು ಬರೆದವರು ನೀವೇ ಅಲ್ಲವೆ?" ಎಂದು ಕೇಳಿದಳು.

ಹೋಗಿ 15 ಕೊಡುತ್ತೇನೆಂದೆ. ದಾನ ಮಾಡಲು ಹೋದವನಲ್ಲ ನಾನು. 18 ಕೊಡುವ ಮನಸ್ಸೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ. ಅವರ ಅವಸರವನ್ನು ತಿಳಿಯುವ ಮುನ್ನ ಬರೆದ ಬೆಲೆ ಅದು, ಅಷ್ಟೆ.

ಮುಂದಾದದ್ದು ನಾನು ಎಣಿಸದಿದ್ದದ್ದು. ಒಪ್ಪಿದ ಬೆಲೆಯನ್ನು ತಾನೇ ಏರಿಸುವ ಗಿರಾಕಿಯನ್ನು ಓಣಿ ಕಂಡಿರಲಿಲ್ಲ. ಹಗೇವಿನಲ್ಲಿ ಏನೋ ಇದೆಯೆಂದು ಮಾಸ್ತರರಿಗೆ ಗೊತ್ತಾಗಿದೆಯೆಂಬ ಸುದ್ದಿ ಹಬ್ಬಿತು. ಆ ತಾಯಿಯ ಅಣ್ಣ ಬಂದು ವ್ಯವಹಾರ ನಿಲ್ಲಿಸಿದರು. ನಡುಬೇಸಗೆಯಲ್ಲಿ ಆಳು ಹಚ್ಚಿ ಹಗೇವಿನ ಬಾಯಿ ತೆಗೆಸಿದರು. ಹಳೆಯ ಜೋಳದ ಮುಗ್ಗಲು ವಾಸನೆಯೊಂದೇ ಹೊರಗೆ ಬಂದದ್ದು. ಎಂಟು ದಿನ ಹೀಗೆ ಕಳೆಯಿತು; ಆ ಎಂಟು ದಿನ ಆಸ್ಪತ್ರೆಯ ಹಣಕ್ಕೆ ಅವರು ಬೇರೆಲ್ಲೋ ಸಾಲ ಮಾಡಬೇಕಾಯಿತೆಂದು ಆಮೇಲೆ ತಿಳಿಯಿತು. ಮೊದಲ ದಿನವೇ 15 ಎಂದಿದ್ದರೆ ಆ ಸಾಲವಿರುತ್ತಿರಲಿಲ್ಲ. ಇದನ್ನು ಸಮಾಧಾನದಿಂದ ಹೇಳಲು ನನಗೆ ಇನ್ನೂ ಬಂದಿಲ್ಲ.

ಕಡೆಗೆ ನನ್ನ ಹಾಳೆಯನ್ನೇ ಒಯ್ದು ಅಣ್ಣತಂಗಿಯರ ಮುಂದೆ ಹರವಿದೆ. ಮಾಳಿಗೆಗೆ ಇಷ್ಟು, ಗೋಡೆಗೆ ಇಷ್ಟು ಎಂದು ಓದಿ ಹೇಳಿದೆ. ಅಣ್ಣನವರು ಕನ್ನಡಕ ಹಾಕಿಕೊಂಡು ಮೊತ್ತವನ್ನು ಎರಡು ಸಲ ಕೂಡಿಸಿ ನೋಡಿದರು. ತಂಗಿ ಬಹಳ ಹೊತ್ತು ಸುಮ್ಮನಿದ್ದು, "ಸೋರೂದು ಎರಡು ಕಡೆ ಅಲ್ರಿ ಸರ, ಮೂರು ಕಡೆ. ದೇವರ ಮನೀ ಮೂಲ್ಯಾಗೊಂದು ಐತಿ, ನಾ ಹೇಳಿದ್ದಿಲ್ಲ" ಎಂದರು. ಅದನ್ನೂ ಕಳೆಯಿರೆಂದರು. ನಾನು ಕಳೆಯಲಿಲ್ಲ. 15ಕ್ಕೇ ಪತ್ರವಾಯಿತು.

ಆಷಾಢದಲ್ಲಿ ಮಳೆ ಹಿಡಿದಾಗ ಅವರು ತೋರಿಸಿದ ಮೂಲೆಯಲ್ಲೇ ಹನಿ ಬಿತ್ತು. ನನ್ನ ಹೆಂಡತಿ ಮೊದಲೇ ಅಲ್ಲಿ ಬೋಗುಣಿ ಇಟ್ಟಿದ್ದಳು.